ಹಳೇ ಯುದ್ಧಗಳಿಗೆ ಏನಂತ ಹೆಸರು ಬರೀಬೇಕು? ಪದೇ ಪದೇ ಕೇಳೋ ಪ್ರಶ್ನೆಗಳು

ಇತಿಹಾಸದ ಬಗ್ಗೆ ಲೇಖನ, ಅನುವಾದ, ಟೈಮ್‌ಲೈನ್ ಅಂತ ಏನಾದ್ರೂ ಬರೆಯೋರು ಒಂದಲ್ಲ ಒಂದು ದಿನ ಇಲ್ಲಿ ಸಿಕ್ಕಿ ಹಾಕ್ಕೋತಾರೆ: ಒಳಗಿನ ವಿಷಯ ಎಲ್ಲಾ ರೆಡಿ, ಹೆಡಿಂಗ್‌ನಲ್ಲಿ ಏನಂತ ಬರೀಲಿ? ದಾಳಿನಾ, ದಂಡಯಾತ್ರೆನಾ, ವಿಮೋಚನೆನಾ? ಮಾತಲ್ಲಿ, ಪತ್ರದಲ್ಲಿ, ಕಾಮೆಂಟಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನ ಕೇಳಿದವರ ಮಾತಲ್ಲೇ ಇಟ್ಟಿದ್ದೀನಿ. ಸುಲಭದ್ದು ಮೊದಲು, ಜಗಳದ್ದು ಆಮೇಲೆ.

## ಮೊದಲು ಬೇಸಿಕ್ಸ್

"ಯುದ್ಧ ಆಗಿ ನೂರಾರು ವರ್ಷ ಆಯ್ತು, ಈಗ ಹೆಸರಿಗೆ ಇಷ್ಟು ತಲೆ ಕೆಡಿಸ್ಕೊಳ್ಳೋದು ಯಾಕೆ?"

ಎರಡು ವಾಕ್ಯ ಓದಿ ನೋಡಿ. "642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿ ಮೇಲೆ ದಾಳಿ ಮಾಡಿದ." "ಎಂಟನೇ ಶತಮಾನದಲ್ಲಿ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ದಂಡಯಾತ್ರೆ ಕೈಗೊಂಡು ಕಂಚಿಯನ್ನು ಗೆದ್ದ." ಕನ್ನಡದಲ್ಲಿ ಎರಡೂ ಎಷ್ಟು ಸಲೀಸಾಗಿ ಓದಿಸ್ಕೊಂಡು ಹೋಗುತ್ತೆ ಅಂದ್ರೆ ಎಲ್ಲೂ ಎಡವಲ್ಲ. ಆದ್ರೆ ನಡೆದಿದ್ದೇನು? ಒಬ್ಬ ರಾಜ ಸೈನ್ಯ ತಗೊಂಡು ಇನ್ನೊಬ್ಬನ ರಾಜಧಾನಿಗೆ ನುಗ್ಗಿ ಅದನ್ನ ಹಿಡ್ಕೊಂಡ, ಎರಡು ಸಲವೂ ಅಷ್ಟೇ. ಅವನು ಮಾಡಿದ್ರೆ ದಾಳಿ, ನಮ್ಮವನು ಮಾಡಿದ್ರೆ ದಂಡಯಾತ್ರೆ. ಅತ್ತ ತಮಿಳು ಕಡೆ ಹೋದ್ರೆ ಅದೇ ನರಸಿಂಹವರ್ಮನ ಬಿರುದು "ವಾತಾಪಿಕೊಂಡ", ಅಂದ್ರೆ ಬಾದಾಮಿ ಗೆದ್ದವನು.

ಈ ಎರಡು ವಾಕ್ಯ ನಾನೇ ಒಂದು ಸಲ ಒಂದೇ ಪುಟದಲ್ಲಿ ಬರೆದಿದ್ದೆ, ಗೊತ್ತೇ ಆಗಿರ್ಲಿಲ್ಲ. ತಮಿಳು ಓದೋಕೆ ಬರೋ ಸ್ನೇಹಿತರೊಬ್ಬರು ಎರಡರ ಕೆಳಗೂ ಪೆನ್ಸಿಲ್ ಗೆರೆ ಎಳೆದು ಸುಮ್ನೆ ವಾಪಸ್ ಕೊಟ್ರು, ಒಂದು ಮಾತೂ ಆಡ್ಲಿಲ್ಲ. ಅವತ್ತಿಂದ ಈ ವಿಷಯಕ್ಕೆ ತಲೆ ಕೆಡಿಸ್ಕೊಳ್ತಿದ್ದೀನಿ.

"ನ್ಯೂಟ್ರಲ್ ಅಂದ್ರೆ ಯಾರಿಗೂ ಬೇಜಾರಾಗದ ಹಾಗೆ ಮೆತ್ತಗೆ ಬರೆಯೋದು ತಾನೇ?"

ಅಲ್ಲವೇ ಅಲ್ಲ, ಅತಿ ಹೆಚ್ಚು ತಪ್ಪು ತಿಳ್ಕೊಳ್ಳೋದು ಇದನ್ನೇ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಹೊರಗೆ ಹೋಗೋಕೆ ಸರಿಯಾದ ದಾರಿಯೇ ಇಲ್ಲದ ಜಾಗದಲ್ಲಿ ಸೇರಿದ್ದ ನಿರಾಯುಧ ಜನರ ಮೇಲೆ ಸೈನಿಕರು ಗುಂಡು ಹಾರಿಸಿದ್ರು, ಸರ್ಕಾರದ ಲೆಕ್ಕದಲ್ಲೇ 379 ಜನ ಸತ್ರು. ಅದನ್ನ "ಘಟನೆ" ಅಂತ ಬರೆದ್ರೆ ಅದು ತಟಸ್ಥ ಅಲ್ಲ, ಗುಂಡು ಹಾರಿಸಿದವರ ಪರ. "ಹತ್ಯಾಕಾಂಡ" ಅನ್ನೋದೇ ಅಲ್ಲಿ ಸರಿಯಾದ, ತಟಸ್ಥವಾದ ಪದ, ಯಾಕಂದ್ರೆ ಅದು ನಡೆದಿದ್ದನ್ನ ನಡೆದ ಹಾಗೇ ಹೇಳುತ್ತೆ.

ಮೆತ್ತಗಿನ ಪದವೂ ಒಂದು ಪಕ್ಷದ ಪದವೇ. ನೀವು ನೋಡ್ಬೇಕಾಗಿರೋದು ಪದ ಖಾರ ಇದೆಯಾ ಸಪ್ಪೆ ಇದೆಯಾ ಅಂತಲ್ಲ, ಅದೇ ಕೆಲಸ ಇನ್ನೊಂದು ಕಡೆಯವರು ಮಾಡಿದ್ರೂ ನೀವು ಅದೇ ಪದ ಬಳಸ್ತಿದ್ರಾ ಅಂತ.

"ಒಂದು ಸಿಂಪಲ್ ಫಾರ್ಮುಲಾ ಹೇಳ್ಬಿಡಿ ಸರ್"

ಜಾಗ, ವರ್ಷ, ಏನು ನಡೀತು. ಇಷ್ಟೇ. "1799ರ ಶ್ರೀರಂಗಪಟ್ಟಣ ಮುತ್ತಿಗೆ", "1962ರ ಭಾರತ–ಚೀನಾ ಯುದ್ಧ". ನೂರಕ್ಕೆ ಎಂಬತ್ತು ಕಡೆ ಇದು ಸಾಕು, ಉಳಿದ ಇಪ್ಪತ್ತಕ್ಕೇ ಈ ಪುಟದ ಮುಂದಿನ ಭಾಗ ಎಲ್ಲಾ. ಎರಡು ದೇಶದ ಹೆಸರು ಜೊತೆಗೆ ಬಂದಾಗ ಯಾವುದು ಮೊದಲು ಅಂತಾನೂ ಕೇಳ್ತಾರೆ, ಓದುಗರಿಗೆ ರೂಢಿ ಇರೋ ಕ್ರಮ ಇಡಿ, ಅದರಲ್ಲಿ ಯಾರೂ ಸೋಲಲ್ಲ ಗೆಲ್ಲಲ್ಲ.

"ಜಾಗದ ಹೆಸರು ಹಾಕಿದ್ರೆ ಜಗಳವೇ ಇರಲ್ಲ ಅಲ್ವಾ?"

ಇರುತ್ತೆ, ಆದ್ರೆ ಬೇರೆ ಥರದ್ದು. 1565ರ ಜನವರಿಯಲ್ಲಿ ವಿಜಯನಗರಕ್ಕೂ ದಖ್ಖನಿನ ಸುಲ್ತಾನರಿಗೂ ನಡೆದ ಕಾಳಗವನ್ನ ತಾಳಿಕೋಟೆ ಕದನ ಅಂತಾರೆ, ರಕ್ಕಸಗಿ–ತಂಗಡಗಿ ಕದನ ಅಂತಾರೆ, ಬನ್ನಿಹಟ್ಟಿ ಅನ್ನೋರೂ ಇದ್ದಾರೆ, ಯಾಕಂದ್ರೆ ಯುದ್ಧ ನಡೆದ ಬಯಲು ಸರಿಯಾಗಿ ಎಲ್ಲಿ ಅನ್ನೋದರ ಬಗ್ಗೆಯೇ ಚರ್ಚೆ ಇದೆ. ಇದರಲ್ಲಿ ಯಾರ ಪರವೂ ಇಲ್ಲ, ಹಾಗಾಗಿ ಹೆಚ್ಚು ಜನಕ್ಕೆ ಗೊತ್ತಿರೋ ಹೆಸರು ಹೆಡಿಂಗ್‌ಗೆ, ಉಳಿದದ್ದು ಮೊದಲ ಸಾಲಿಗೆ, ಕೆಲಸ ಮುಗೀತು.

ಅಮೆರಿಕದ ಸಿವಿಲ್ ವಾರ್‌ನಲ್ಲಿ ಮಾತ್ರ ಜಾಗದ ಹೆಸರಲ್ಲೇ ಪಕ್ಷ ಗೊತ್ತಾಗ್ಬಿಡುತ್ತೆ. ಉತ್ತರದವರು ಹತ್ತಿರದ ಹೊಳೆ ಹೆಸರಿಟ್ರೆ ದಕ್ಷಿಣದವರು ಹತ್ತಿರದ ಊರಿನ ಹೆಸರಿಡೋರು. 1861ರ ಒಂದೇ ಕದನ ಇವರಿಗೆ ಬುಲ್ ರನ್, ಅವರಿಗೆ ಮನಾಸಸ್. 1862ರದ್ದು ಇವರಿಗೆ ಆಂಟೀಟಮ್, ಅವರಿಗೆ ಶಾರ್ಪ್ಸ್‌ಬರ್ಗ್.

"ದಾಳಿ, ಆಕ್ರಮಣ, ದಂಡಯಾತ್ರೆ, ಕಾರ್ಯಾಚರಣೆ ಎಲ್ಲಾ ಒಂದೇ ಅರ್ಥ ಅಲ್ವಾ?"

ಡಿಕ್ಷನರಿಯಲ್ಲಿ ಹತ್ತಿರ ಹತ್ತಿರ ಇರ್ಬಹುದು, ಕಿವಿಗೆ ಹಾಗಲ್ಲ. ದಂಡಯಾತ್ರೆಯಲ್ಲಿ ಯಾತ್ರೆ ಇದೆ, ಹೋದವನಿಗೆ ಒಂದು ಘನತೆ ಸಿಗುತ್ತೆ. ದಿಗ್ವಿಜಯ ಅಂದ್ರಂತೂ ಮುಗೀತು, ಗೆದ್ದವನ ಆಸ್ಥಾನದಲ್ಲಿ ಕೂತು ಬರೆದ ಹಾಗೆ. ಆಕ್ರಮಣ ಅಂದ್ರೆ ಹಕ್ಕಿಲ್ಲದೆ ನುಗ್ಗಿದ್ದು ಅನ್ನೋ ತೀರ್ಪು ಒಳಗೇ ಇದೆ. ದಾಳಿ ಚಿಕ್ಕದು, ಬಂದ್ರು ಹೊಡೆದ್ರು ಹೋದ್ರು; ಹತ್ತು ವರ್ಷ ಎಳೆದಾಡಿದ ಯುದ್ಧಕ್ಕೆ ಅದು ಹೊಂದಲ್ಲ. ಕಾರ್ಯಾಚರಣೆ ಇವುಗಳ ಮಧ್ಯೆ ಹೆಚ್ಚು ಸಪಾಟು, ಆದ್ರೆ ಅದರಲ್ಲಿ ಆಫೀಸ್ ಫೈಲಿನ ವಾಸನೆ ಇದೆ, ಹದಿನೆಂಟನೇ ಶತಮಾನಕ್ಕೆ ಹಾಕಿದ್ರೆ ನಗು ಬರುತ್ತೆ, ಇಪ್ಪತ್ತನೇ ಶತಮಾನಕ್ಕೆ ಪರವಾಗಿಲ್ಲ.

ನಂಗೆ ಇಷ್ಟ ಆಗೋದು "ದಂಡೆತ್ತಿ ಹೋದ" ಅನ್ನೋ ಹಳೇ ಕ್ರಿಯಾಪದ. ನಮ್ಮವರೂ ದಂಡೆತ್ತಿ ಹೋಗ್ತಾರೆ, ಅವರೂ ದಂಡೆತ್ತಿ ಬರ್ತಾರೆ, ಹೋಗಿ ಬರೋದರ ದಿಕ್ಕು ಬಿಟ್ಟು ಬೇರೇನೂ ಬದಲಾಗಲ್ಲ.

"ಕದನಕ್ಕೂ ಯುದ್ಧಕ್ಕೂ ಏನ್ ವ್ಯತ್ಯಾಸ?"

ಕದನ ಒಂದು ಜಾಗದಲ್ಲಿ, ಒಂದೆರಡು ದಿನದಲ್ಲಿ ಮುಗಿಯೋದು. ಯುದ್ಧ ಅಂಥ ಹಲವು ಕದನ, ಮುತ್ತಿಗೆ, ಸಂಧಾನ ಎಲ್ಲಾ ಸೇರಿದ್ದು. 1780ರ ಪೊಳ್ಳಿಲೂರು ಕದನ, 1780–84ರ ಎರಡನೇ ಆಂಗ್ಲೋ–ಮೈಸೂರು ಯುದ್ಧದ ಒಂದು ಭಾಗ. ಸಮರ, ರಣ, ಸಂಗ್ರಾಮ ಇವೆಲ್ಲಾ ಕಾವ್ಯಕ್ಕೂ ಪೇಪರ್ ಹೆಡ್‌ಲೈನ್‌ಗೂ ಇರ್ಲಿ.

"ವರ್ಷ ಹಾಕಿದ್ರೆ ಅಂತೂ ಸೇಫ್ ತಾನೇ, ಅಂಕಿಗೆ ಯಾವ ಪಕ್ಷ?"

ಅಂಕಿಗೂ ಪಕ್ಷ ಇದೆ ಮಾರಾಯ್ರೆ. ಜಪಾನ್ ವಿರುದ್ಧದ ಯುದ್ಧವನ್ನ ಚೀನಾದ ಪಠ್ಯಪುಸ್ತಕಗಳು ಬಹಳ ಕಾಲ ಎಂಟು ವರ್ಷದ ಯುದ್ಧ ಅಂತಿದ್ವು, ಅಂದ್ರೆ 1937ರಿಂದ 1945. 2017ರಲ್ಲಿ ಅದನ್ನ ಹದಿನಾಲ್ಕು ವರ್ಷ ಅಂತ ಬದಲಾಯಿಸಿದ್ರು, ಆರಂಭ 1931ಕ್ಕೆ ಹೋಯ್ತು. ಎರಡನೇ ಮಹಾಯುದ್ಧ ಯುರೋಪಿನ ಲೆಕ್ಕದಲ್ಲಿ 1939ಕ್ಕೆ ಶುರು, ಆದ್ರೆ ಸೋವಿಯತ್ ನೆನಪಿನ "ಮಹಾ ದೇಶಭಕ್ತಿ ಯುದ್ಧ" ಶುರುವಾಗೋದು 1941ರ ಜೂನ್ 22ಕ್ಕೆ, ಜರ್ಮನಿ ಗಡಿ ದಾಟಿದ ದಿನ. ಆ ಎಣಿಕೆ ಹಿಡಿದ್ರೆ 1939ರಲ್ಲಿ ಸೋವಿಯತ್ ಸೇನೆ ಪೋಲೆಂಡಿಗೆ ಹೋಗಿದ್ದು ಕತೆಯಿಂದ ಹೊರಗೇ ಉಳಿಯುತ್ತೆ. ಹಾಗಾಗಿ ವರ್ಷ ಹಾಕುವಾಗ ಯಾವ ಗಡಿಯಾರ ನೋಡಿ ಹಾಕ್ತಿದ್ದೀರಿ ಅಂತ ಒಂದು ಮಾತು ಒಳಗೆ ಹೇಳ್ಬಿಡಿ.

## ಜಗಳ ಶುರುವಾಗೋ ಜಾಗ

"1857ನ್ನ ಸಿಪಾಯಿ ದಂಗೆ ಅಂದ್ರೆ ಬೈತಾರೆ, ಮೊದಲ ಸ್ವಾತಂತ್ರ್ಯ ಸಂಗ್ರಾಮ ಅಂದ್ರೆ ಇನ್ನೊಂದು ಗುಂಪು ಬೈಯುತ್ತೆ, ಏನ್ ಮಾಡ್ಲಿ?"

ಬೈಗುಳ ಪಕ್ಕಕ್ಕಿಟ್ಟು ಎರಡೂ ಹೆಸರನ್ನ ಸತ್ಯಕ್ಕೆ ಹಚ್ಚಿ ನೋಡಿ. "ಸಿಪಾಯಿ ದಂಗೆ": ಮೇ 10ರಂದು ಮೀರತ್‌ನಲ್ಲಿ ಶುರು ಮಾಡಿದ್ದು ಸಿಪಾಯಿಗಳೇ, ಸರಿ. ಆದ್ರೆ ಅದೇ ವರ್ಷ ಹಲಗಲಿಯಲ್ಲಿ ಆಯುಧ ಒಪ್ಪಿಸಲ್ಲ ಅಂತ ತಿರುಗಿಬಿದ್ದ ಬೇಡರು ಯಾವ ಪಲ್ಟನ್ನಿನ ಸಿಪಾಯಿಗಳು? 1858ರಲ್ಲಿ ಎದ್ದ ನರಗುಂದದ ಬಾಬಾಸಾಹೇಬ ಸಂಸ್ಥಾನಿಕ. ಅಂದ್ರೆ ಈ ಹೆಸರು ನಡೆದದ್ದರಲ್ಲಿ ಅರ್ಧವನ್ನ ಹೊರಗೆ ಬಿಡುತ್ತೆ, ಹೆಸರು ಬೇಡ ಅನ್ನೋಕೆ ಅಷ್ಟು ಕಾರಣ ಸಾಕು, ದೇಶಾಭಿಮಾನ ಎಳೆದು ತರೋ ಅಗತ್ಯವೇ ಇಲ್ಲ.

ಇನ್ನು "ಮೊದಲ ಸ್ವಾತಂತ್ರ್ಯ ಸಂಗ್ರಾಮ": ಮೊದಲ ಅನ್ನೋ ಪದ ಇಟ್ಟ ಕೂಡ್ಲೇ 1806ರ ವೆಲ್ಲೂರಿನವರು ನಾವೇನು ಅಂತ ಕೇಳ್ತಾರೆ, 1824ರ ಕಿತ್ತೂರಿನವರು ಕೇಳ್ತಾರೆ, 1817ರ ಒಡಿಶಾದ ಪೈಕರ ಕಡೆಯವರೂ ಕೇಳ್ತಾರೆ. ಯಾರಿಗೂ ಉತ್ತರ ಕೊಡೋಕಾಗಲ್ಲ. ನಾನು ಬರೆಯೋದು "1857ರ ಬಂಡಾಯ", ಒಳಗೆ ಎರಡೂ ಹೆಸರನ್ನ ಯಾರು ಬಳಸ್ತಾರೆ ಅನ್ನೋದರ ಜೊತೆ ಹೇಳ್ತೀನಿ. ದಂಗೆ ಅನ್ನೋದು ಗಲಾಟೆ, ಗುಂಪು ಗದ್ದಲ ಅನ್ನೋ ಕಡೆ ಜಾರುತ್ತೆ. ಬಂಡಾಯದಲ್ಲಿ ಒಂದು ಕಾರಣ ಇರೋ ಪ್ರತಿಭಟನೆ ಕೇಳ್ಸುತ್ತೆ, ಆದ್ರೂ ಆಗ ಅಧಿಕಾರ ಯಾರ ಕೈಲಿತ್ತು ಅನ್ನೋದು ಮುಚ್ಚಿಹೋಗಲ್ಲ.

ಇದೇ ಜಾತಿಯ ಇನ್ನೊಂದು ಉದಾಹರಣೆ 1837ರದ್ದು. ಕೊಡಗು–ಸುಳ್ಯ ಕಡೆಯಿಂದ ಹೊರಟ ರೈತರ ಪಡೆ ಮಂಗಳೂರಿನವರೆಗೂ ಬಂದು ಕೆಲವು ದಿನ ಊರನ್ನೇ ಹಿಡ್ಕೊಂಡಿತ್ತು. ಜನರ ಬಾಯಲ್ಲಿ ಅದು ಬಹಳ ಕಾಲ "ಕಲ್ಯಾಣಪ್ಪನ ಕಾಟಕಾಯಿ". ಕಾಟಕಾಯಿ ಅನ್ನೋದರಲ್ಲಿ ಲೂಟಿಯ, ದರೋಡೆಯ ವಾಸನೆ ಇದೆ. ಈಗ ಸಮಾರಂಭಗಳಲ್ಲಿ "ಅಮರ ಸುಳ್ಯ ಸ್ವಾತಂತ್ರ್ಯ ಸಂಗ್ರಾಮ". ಒಂದೇ ಘಟನೆ ದರೋಡೆಯಿಂದ ಸ್ವಾತಂತ್ರ್ಯ ಸಂಗ್ರಾಮದವರೆಗೆ ನಡ್ಕೊಂಡು ಬಂದಿದೆ. "1837ರ ಅಮರ ಸುಳ್ಯ ಬಂಡಾಯ" ಅಂದ್ರೆ ನಡುದಾರಿ. ಆದ್ರೆ ದಯವಿಟ್ಟು ಕಾಟಕಾಯಿ ಅನ್ನೋ ಪದವನ್ನ ಅಳಿಸಿ ಹಾಕ್ಬೇಡಿ, ಅದೂ ಒಂದು ದಾಖಲೆ, ಒಳಗೆ ಒಂದು ಸಾಲು ಕೊಡಿ.

"ಹೈದರಾಬಾದ್ 1948: ಪೊಲೀಸ್ ಆಕ್ಷನ್, ವಿಮೋಚನೆ, ವಿಲೀನ, ಆಪರೇಷನ್ ಪೋಲೊ... ಯಾವುದು ಸರಿ?"

ಅತಿ ಹೆಚ್ಚು ಬರೋ ಪ್ರಶ್ನೆ ಇದು, ಉತ್ತರವೂ ಉದ್ದ.

ಪೊಲೀಸ್ ಆಕ್ಷನ್ ಮೊದಲು ನೋಡೋಣ. ಸೆಪ್ಟೆಂಬರ್ 13ಕ್ಕೆ ಗಡಿ ದಾಟಿದ್ದು ಪೊಲೀಸರಲ್ಲ, ಮೇಜರ್ ಜನರಲ್ ಜೆ.ಎನ್. ಚೌಧರಿ ನೇತೃತ್ವದ ಸೈನ್ಯ, ಟ್ಯಾಂಕ್ ಸಮೇತ. 17ಕ್ಕೆ ನಿಜಾಮರು ಕೈಚೆಲ್ಲಿದ್ರು. ಮತ್ತೆ ಪೊಲೀಸ್ ಯಾಕೆ? ಅದೇ ಆಗಸ್ಟ್‌ನಲ್ಲಿ ಹೈದರಾಬಾದ್ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು, ಯುದ್ಧ ಅಂದ್ರೆ ಎರಡು ದೇಶಗಳ ನಡುವಿನದು ಅಂತ ಆಗ್ಬಿಡುತ್ತೆ, ಪೊಲೀಸ್ ಅಂದ್ರೆ ಮನೆಯೊಳಗಿನ ವಿಷಯ. ಮಜಾ ಅಂದ್ರೆ ಇದು ಆ ಕಾಲದ ಫ್ಯಾಷನ್ ಪದ. ಇಂಡೋನೇಷ್ಯಾದಲ್ಲಿ ಡಚ್ಚರು 1947ರಲ್ಲಿ ಒಂದು ಸಲ, 1948ರ ಡಿಸೆಂಬರ್‌ನಲ್ಲಿ ಇನ್ನೊಂದು ಸಲ ದೊಡ್ಡ ಸೈನ್ಯ ನುಗ್ಗಿಸಿ ಅದನ್ನೂ "ಪೊಲೀಸ್ ಕಾರ್ಯಾಚರಣೆ" ಅಂದ್ರು, ಇಂಡೋನೇಷ್ಯಾದವರು ಇವತ್ತಿಗೂ ಅದನ್ನ ಡಚ್ ಸೈನಿಕ ಆಕ್ರಮಣ ಅಂತಾನೇ ಕರೆಯೋದು. 1950ರಲ್ಲಿ ಕೊರಿಯಾಗೆ ಅಮೆರಿಕ ಸೇನೆ ಕಳಿಸಿದಾಗ ಪತ್ರಕರ್ತರೊಬ್ಬರು ಇದನ್ನ ವಿಶ್ವಸಂಸ್ಥೆಯ ಪೊಲೀಸ್ ಆಕ್ಷನ್ ಅನ್ಬಹುದಾ ಅಂತ ಕೇಳಿದ್ದಕ್ಕೆ ಅಮೆರಿಕ ಅಧ್ಯಕ್ಷ ಟ್ರೂಮನ್ ಹೌದು ಅಂದ್ಬಿಟ್ರು. ಆ ಪೊಲೀಸ್ ಆಕ್ಷನ್ 1953ರ ತನಕ ನಡೀತು.

ವಿಮೋಚನೆ? ನಿಜಾಮರ ಪರ ಇದ್ದ ಸಶಸ್ತ್ರ ಗುಂಪು ರಜಾಕಾರರು, ಅವರ ಕಾಟಕ್ಕೆ ಹೆದರಿ ಮನೆಮಠ ಬಿಟ್ಟು ರಾತ್ರೋರಾತ್ರಿ ಗಡಿ ದಾಟಿದವರ ಪಾಲಿಗೆ ಅದು ವಿಮೋಚನೆಯೇ, ಅವರ ಹತ್ರ ಬೇರೆ ಪದ ಬಳಸಿ ಅಂತ ಹೇಳೋಕೆ ನಾವ್ಯಾರು. ಆದ್ರೆ ಕೇಂದ್ರ ಸರ್ಕಾರವೇ ಕಳಿಸಿದ ಸುಂದರ್‌ಲಾಲ್ ಸಮಿತಿ, ಕಾರ್ಯಾಚರಣೆ ಹೊತ್ತಲ್ಲೂ ಅದಾದ ಮೇಲೂ ಸತ್ತವರು 27 ಸಾವಿರದಿಂದ 40 ಸಾವಿರ ಅಂತ ಅಂದಾಜು ಮಾಡಿತ್ತು, ಆ ಮನೆಗಳಲ್ಲಿ ವಿಮೋಚನೆ ಅನ್ನೋ ಪದ ಬಾಯಿಗೆ ಬರಲ್ಲ. ಉರ್ದುವಿನಲ್ಲಿ ಅದು "ಸುಕೂತ್", ಅಂದ್ರೆ ಹೈದರಾಬಾದಿನ ಪತನ.

ಸರ್ಕಾರಗಳಿಗೂ ಒಂದೇ ಪದ ಗಟ್ಟಿಯಾಗಿಲ್ಲ. ಕರ್ನಾಟಕದಲ್ಲಿ ಸೆಪ್ಟೆಂಬರ್ 17 ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಆಗಿತ್ತು, 2019ರಲ್ಲಿ ಪ್ರದೇಶದ ಹೆಸರು ಬದಲಾದ ಮೇಲೆ ಕಲ್ಯಾಣ ಕರ್ನಾಟಕ ಉತ್ಸವ. 2022ರಲ್ಲಿ ಒಂದೇ ದಿನಕ್ಕೆ ಕೇಂದ್ರ ವಿಮೋಚನಾ ದಿನ ಅಂದ್ರೆ ತೆಲಂಗಾಣ ಸರ್ಕಾರ ರಾಷ್ಟ್ರೀಯ ಸಮೈಕ್ಯತಾ ದಿನ ಅಂತು, 2024ರಲ್ಲಿ ಅಲ್ಲಿಯ ಹೊಸ ಸರ್ಕಾರ ಪ್ರಜಾಪಾಲನಾ ದಿನೋತ್ಸವ ಅಂತು.

ನನ್ನ ಆಯ್ಕೆ: "1948ರ ಹೈದರಾಬಾದ್ ಸೇನಾ ಕಾರ್ಯಾಚರಣೆ". ವಿಲೀನ ಅನ್ನೋದು ಕಾರ್ಯಾಚರಣೆಯ ಫಲ, ಕಾರ್ಯಾಚರಣೆ ಅಲ್ಲ, ರಾಜಕೀಯ ಪರಿಣಾಮದ ಬಗ್ಗೆ ಬರೆಯುವಾಗ ಬಳಸಿ. ಮತ್ತೆ "ಪೊಲೀಸ್ ಆಕ್ಷನ್" ಅನ್ನೋದು ಆ ಭಾಗದ ಹಿರಿಯರ ಬಾಯಲ್ಲಿ ಬರೀ ಕಾಲ ಸೂಚಿಸೋ ಮಾತಾಗಿದೆ, ಪೊಲೀಸ್ ಆಕ್ಷನ್ ಆದಾಗ ನಂಗೆ ಹತ್ತು ವರ್ಷ ಅಂತ ಯಾರಾದ್ರೂ ಹೇಳಿದ್ರೆ ಅದನ್ನ ತಿದ್ದೋಕೆ ಹೋಗ್ಬೇಡಿ.

"ಹಾಗಾದ್ರೆ ಗೋವಾ?"

1961ರ ಡಿಸೆಂಬರ್ 18–19. ಭಾರತಕ್ಕೆ ಗೋವಾ ವಿಮೋಚನೆ, ಪೋರ್ಚುಗಲ್‌ಗೆ ಗೋವಾ ಆಕ್ರಮಣ. ಎರಡೂ ಬೇಡ ಅಂದ್ರೆ "1961ರ ಗೋವಾ ಸೇನಾ ಕಾರ್ಯಾಚರಣೆ". ಡಿಸೆಂಬರ್ 19ರ ಆಚರಣೆ ಬಗ್ಗೆ ಬರೆಯೋವಾಗ ಗೋವಾ ವಿಮೋಚನಾ ದಿನ ಅಂತಾನೇ ಬರೀಬೇಕು, ಅದು ಆ ದಿನದ ಹೆಸರು, ನೀವು ಬದಲಾಯಿಸೋ ಹಾಗಿಲ್ಲ.

"ಸೇನೆಯೇ ಇಟ್ಟ ಆಪರೇಷನ್ ಹೆಸರು ಅಫಿಷಿಯಲ್ ಅಲ್ವಾ? ಅದನ್ನೇ ಹಾಕಿದ್ರೆ ಯಾರೂ ಕೇಳಲ್ಲ"

ಅಫಿಷಿಯಲ್ ಹೌದು, ಆದ್ರೆ ಅದು ಒಂದು ಕಡೆಯ ಅಫಿಷಿಯಲ್. ಇನ್ನೊಂದು ತೊಂದರೆ, ಗೊಂದಲ: ಆಪರೇಷನ್ ವಿಜಯ್ ಅಂದ್ರೆ ಯಾವುದು, 1961ರ ಗೋವಾನಾ 1999ರ ಕಾರ್ಗಿಲ್ಲಾ? ಎರಡಕ್ಕೂ ಅದೇ ಹೆಸರು.

ಹೈದರಾಬಾದಿನ ಪೋಲೊ, ಎರಡನೇ ಮಹಾಯುದ್ಧದ ಓವರ್‌ಲಾರ್ಡ್ ಥರದ ಹೆಸರಲ್ಲಿ ಅಂಥಾ ಅಪಾಯ ಇಲ್ಲ, ಅವು ಗುಟ್ಟು ಕಾಪಾಡೋಕೆ ಇಟ್ಟಿದ್ದು. ಇತ್ತೀಚಿನವು ಹಾಗಲ್ಲ, ಟಿವಿಗೆ ಅಂತಾನೇ ಇಟ್ಟ ಹೆಸರುಗಳು. 1989ರ ಪನಾಮಾಕ್ಕೆ ಅಮೆರಿಕ ಇಟ್ಟಿದ್ದು "ಜಸ್ಟ್ ಕಾಸ್", ನ್ಯಾಯವಾದ ಕಾರಣ ಅಂತ. 2003ರ ಇರಾಕ್‌ಗೆ "ಇರಾಕಿ ಫ್ರೀಡಂ". 2001ರ ಅಫ್ಘಾನಿಸ್ತಾನಕ್ಕೆ ಮೊದಲು "ಇನ್‌ಫಿನಿಟ್ ಜಸ್ಟಿಸ್" ಅಂತಿಟ್ಟು, ಅನಂತ ನ್ಯಾಯ ಕೊಡೋನು ದೇವರೊಬ್ಬನೇ ಅಂತ ಮುಸ್ಲಿಮರ ಆಕ್ಷೇಪ ಬಂದ ಮೇಲೆ "ಎಂಡ್ಯೂರಿಂಗ್ ಫ್ರೀಡಂ" ಆಯ್ತು. ಇಂಥಾ ಹೆಸರನ್ನ ಹೆಡಿಂಗ್‌ಗೆ ಹಾಕಿದ್ರೆ ನೀವು ಅವರ ಘೋಷಣೆಯನ್ನ ಬಿಟ್ಟಿ ಕೂಗಿದ ಹಾಗೆ. "2003ರ ಇರಾಕ್ ಯುದ್ಧ, ಅಮೆರಿಕ ಇದಕ್ಕೆ ಇರಾಕಿ ಫ್ರೀಡಂ ಎಂದು ಹೆಸರಿಟ್ಟಿತ್ತು" ಅನ್ನಿ, ಯಾರು ಇಟ್ರು ಅನ್ನೋದು ವಾಕ್ಯದಲ್ಲೇ ಇರ್ಲಿ.

ಚರ್ಚಿಲ್ 1943ರಲ್ಲೇ ಇದರ ಬಗ್ಗೆ ಒಂದು ಟಿಪ್ಪಣಿ ಬರೆದಿದ್ರು, ಜಂಬದ ಹೆಸರೂ ಬೇಡ ತಮಾಷೆ ಹೆಸರೂ ಬೇಡ, ನನ್ನ ಮಗ ಇಂಥಾ ಹುಡುಗಾಟಿಕೆ ಹೆಸರಿನ ಕಾರ್ಯಾಚರಣೆಯಲ್ಲಿ ಸತ್ತ ಅಂತ ಯಾವ ತಾಯಿಯೂ ಹೇಳೋ ಹಾಗಾಗಬಾರದು ಅನ್ನೋ ಅರ್ಥದಲ್ಲಿ. ಬೇರೆ ವಿಷಯಗಳಲ್ಲಿ ಅವರ ಜೊತೆ ನಂಗೆ ಜಗಳ ಇದೆ, ಇದರಲ್ಲಿ ಇಲ್ಲ.

"ಪತನ ಅಂತ ಬರೆದ್ರೆ ತಪ್ಪಾ?"

ಪತನ ಆಗ್ಬೇಕಾದ್ರೆ ಮೇಲಿದ್ದದ್ದು ಕೆಳಗೆ ಬೀಳ್ಬೇಕು, ಹಾಗಾಗಿ ಅದು ಸೋತವರ ಕಣ್ಣಿನ ಪದ. 1971ರ ಡಿಸೆಂಬರ್ 16 ಪಾಕಿಸ್ತಾನಕ್ಕೆ ಢಾಕಾ ಪತನ, ಬಾಂಗ್ಲಾದೇಶಕ್ಕೆ ವಿಜಯದ ದಿನ. ನಾವು 1799ಕ್ಕೆ ಶ್ರೀರಂಗಪಟ್ಟಣದ ಪತನ ಅಂತೀವಿ, ಗೆದ್ದವರ ಪಡೆಯಲ್ಲಿ ನಿಜಾಮರ ಸೈನಿಕರೂ ಇದ್ರು ಅನ್ನೋದು ಆ ಪದದಲ್ಲಿ ಕಾಣಲ್ಲ. "ಶರಣಾಗತಿ", "ವಶ" ಇವು ಸ್ವಲ್ಪ ವಾಸಿ, ಯಾಕಂದ್ರೆ ಯಾರು ಶರಣಾದ್ರು, ಯಾರು ವಶ ಮಾಡ್ಕೊಂಡ್ರು ಅಂತ ಮುಂದಿನ ಪ್ರಶ್ನೆ ತಾನಾಗೇ ಬರುತ್ತೆ.

## ನಿಜವಾಗ್ಲೂ ಕಷ್ಟದವು

"ಎರಡೂ ಕಡೆ ಬೇರೆ ಬೇರೆ ಹೆಸರು, ಮಧ್ಯದ ಹೆಸರೇ ಇಲ್ಲ ಅಂದ್ರೆ?"

ಹುಡುಕಿದ್ರೆ ಬಹಳ ಸಲ ಇರುತ್ತೆ. 1973ರ ಯುದ್ಧ ಇಸ್ರೇಲಿಗೆ ಯೋಮ್ ಕಿಪ್ಪುರ್ ಯುದ್ಧ, ಅರಬ್ಬರಿಗೆ ರಂಜಾನ್ ಯುದ್ಧ ಅಥವಾ ಅಕ್ಟೋಬರ್ ಯುದ್ಧ. ಎರಡು ಹಬ್ಬಗಳ ಮಧ್ಯೆ ಕ್ಯಾಲೆಂಡರ್ ತಿಂಗಳೊಂದು ಕೂತಿದೆ ನೋಡಿ, "1973ರ ಅಕ್ಟೋಬರ್ ಯುದ್ಧ" ಅನ್ನಿ.

ಕೊರಿಯಾದ್ದು ಇನ್ನೂ ಚೆನ್ನಾಗಿದೆ. ದಕ್ಷಿಣದವರಿಗೆ ಅದು ಬರೀ ದಿನಾಂಕ, ಆರು–ಇಪ್ಪತ್ತೈದು, ಯಾಕಂದ್ರೆ ಉತ್ತರದ ಸೇನೆ ಗಡಿ ದಾಟಿದ್ದು ಜೂನ್ 25. ಉತ್ತರಕ್ಕೆ ಪಿತೃಭೂಮಿ ವಿಮೋಚನಾ ಯುದ್ಧ. ಚೀನಾಕ್ಕೆ ಅಮೆರಿಕವನ್ನು ಎದುರಿಸಿ ಕೊರಿಯಾಗೆ ನೆರವಾದ ಯುದ್ಧ. ಮೂರು ಹೆಸರಲ್ಲಿ ಮೂವರ ಕತೆಯೂ ಇದೆ. "ಕೊರಿಯಾ ಯುದ್ಧ, 1950–53" ಅಂತ ಹೆಡಿಂಗ್ ಹಾಕಿ ಮೊದಲ ಪ್ಯಾರಾದಲ್ಲೇ ಈ ಮೂರೂ ಹೆಸರು ಕೊಟ್ರೆ, ಅರ್ಧ ಪಾಠ ಅಲ್ಲೇ ಆಗೋಗುತ್ತೆ.

ಜಾಗದ ಹೆಸರೇ ಜಗಳದ ವಸ್ತುವಾಗಿದ್ರೆ ಸ್ವಲ್ಪ ದೂರ ಸರೀರಿ. 1982ರಲ್ಲಿ ಬ್ರಿಟನ್ನಿಗೂ ಅರ್ಜೆಂಟೀನಾಕ್ಕೂ ಯುದ್ಧ ಆದ ದ್ವೀಪಗಳು ಒಬ್ಬರಿಗೆ ಫಾಕ್‌ಲ್ಯಾಂಡ್, ಇನ್ನೊಬ್ಬರಿಗೆ ಮಾಲ್ವಿನಾಸ್. "1982ರ ದಕ್ಷಿಣ ಅಟ್ಲಾಂಟಿಕ್ ಯುದ್ಧ" ಅಂದ್ರೆ ಸಮುದ್ರ ಯಾರದೂ ಅಲ್ಲ. ಆದ್ರೆ ಆ ಹೆಸರಲ್ಲಿ ಹುಡುಕಿಕೊಂಡು ಬರೋರು ಕಡಿಮೆ, ಹಾಗಾಗಿ ದ್ವೀಪದ ಎರಡೂ ಹೆಸರು ಜೊತೆಗೆ ಇರ್ಲೇಬೇಕು.

"ಸರ್ಕಾರವೇ ಅದನ್ನ ಯುದ್ಧ ಅಂತ ಒಪ್ಪದಿದ್ರೆ ನಾವು ಯುದ್ಧ ಅನ್ಬಹುದಾ?"

ಅನ್ಬಹುದು. ಸರ್ಕಾರ ಒಪ್ಪೋದಕ್ಕೆ ಕಾಯ್ತಾ ಕೂತ್ರೆ ಫ್ರಾನ್ಸ್‌ನವರ ಥರ ಆಗುತ್ತೆ: ಅಲ್ಜೀರಿಯಾದಲ್ಲಿ 1954ರಿಂದ 1962ರ ತನಕ ನಡೆದದ್ದು ಫ್ರಾನ್ಸಿನ ಕಡತಗಳಲ್ಲಿ "ಶಾಂತಿ ಸುವ್ಯವಸ್ಥೆ ಕಾಪಾಡೋ ಕಾರ್ಯಾಚರಣೆ", ಕಾನೂನಲ್ಲಿ "ಅಲ್ಜೀರಿಯಾ ಯುದ್ಧ" ಅನ್ನೋ ಪದ ಬರೋಕೆ 1999 ಆಗ್ಬೇಕಾಯ್ತು. ಅಲ್ಲಿ ಹೋಗಿ ಕಾದಾಡಿ ವಾಪಸ್ ಬಂದ ಸೈನಿಕರು ಅಷ್ಟು ವರ್ಷ ಕಾಗದದ ಪ್ರಕಾರ ಯುದ್ಧಕ್ಕೇ ಹೋಗಿರ್ಲಿಲ್ಲ. 1937ರಲ್ಲಿ ಚೀನಾದೊಳಗೆ ಲಕ್ಷಾಂತರ ಸೈನಿಕರನ್ನ ಕಳಿಸಿದ ಜಪಾನ್ ಅದನ್ನ "ಚೀನಾ ಘಟನೆ" ಅಂತಿತ್ತು.

ಅಳತೆಗೋಲು ಇಷ್ಟು: ಸಂಘಟಿತ ಸಶಸ್ತ್ರ ಪಡೆಗಳು ಎರಡೂ ಕಡೆ ಇದ್ವಾ, ಹೋರಾಟ ದಿನಗಟ್ಟಲೆ ತಿಂಗಳುಗಟ್ಟಲೆ ನಡೀತಾ. ಘೋಷಣೆ ಆಗಿತ್ತಾ ಇಲ್ವಾ ಅನ್ನೋದು ಬೇರೆ ಮಾಹಿತಿ, ಅದನ್ನ ಒಂದು ವಾಕ್ಯದಲ್ಲಿ ಹೇಳಿ.

"ಕದನ ಅನ್ಬೇಕಾ, ಹತ್ಯಾಕಾಂಡ ಅನ್ಬೇಕಾ?"

ಸತ್ತವರು ಯಾರು, ಅವರ ಕೈಲಿ ಏನಿತ್ತು ಅಂತ ನೋಡಿ. 1890ರ ಡಿಸೆಂಬರ್ 29ರಂದು ಅಮೆರಿಕದ ವೂಂಡೆಡ್ ನೀ ಹತ್ರ, ಆಯುಧ ಕಸಿದುಕೊಳ್ತಿದ್ದ ಸೈನಿಕರು ಗುಂಡು ಹಾರಿಸಿ ಅಲ್ಲಿಯ ಮೂಲನಿವಾಸಿಗಳಾದ ಲಕೋಟಾ ಜನರಲ್ಲಿ 150ರಿಂದ 300 ಮಂದಿಯನ್ನ ಕೊಂದ್ರು, ಅದರಲ್ಲಿ ಹೆಂಗಸರು ಮಕ್ಕಳು ಬಹಳ. ಇದನ್ನ ದಶಕಗಳ ಕಾಲ ಕದನ ಅಂತಾನೇ ಬರೆದ್ರು. ಅದೇ ಜನ 1876ರಲ್ಲಿ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಮೇಲೆ ಬಿದ್ದ ಸೈನ್ಯವನ್ನ ಎದುರಿಸಿ ಗೆದ್ದಾಗ, ಆಯುಧ ಹಿಡಿದ ಸೈನಿಕರು ಆಯುಧ ಹಿಡಿದವರ ಕೈಲಿ ಸತ್ತಾಗ, ಪತ್ರಿಕೆಗಳು ಅದನ್ನ "ಕಸ್ಟರ್ ಹತ್ಯಾಕಾಂಡ" ಅಂದ್ವು. ಪದಗಳು ಸರಿಯಾಗಿ ತಿರುವುಮುರುವು. ಸೇನಾಧಿಕಾರಿ ಕಸ್ಟರ್ ಹೆಸರಲ್ಲಿದ್ದ ಆ ಸ್ಮಾರಕದ ಹೆಸರನ್ನ 1991ರಲ್ಲಿ ಜಾಗದ ಹೆಸರಿಗೆ ಬದಲಾಯಿಸಿದ್ರು, ವೂಂಡೆಡ್ ನೀಯನ್ನ ಈಗ ಹತ್ಯಾಕಾಂಡ ಅಂತಾರೆ.

"ಮುಸ್ಲಿಂ ದಾಳಿ, ಹಿಂದೂ ಸಾಮ್ರಾಜ್ಯ, ಕ್ರಿಶ್ಚಿಯನ್ ಪಡೆ: ಧರ್ಮದ ಹೆಸರು ಹಾಕ್ಬಹುದಾ?"

ಆ ಯುದ್ಧ ಹೂಡಿದವರೇ ಧರ್ಮದ ಹೆಸರಲ್ಲಿ ಹೂಡಿದ್ರೆ ಅದನ್ನ ಮುಚ್ಚಿಡ್ಬೇಡಿ. ಇಲ್ಲದಿದ್ರೆ ಸೈನ್ಯ ಕಳಿಸಿದ ರಾಜ್ಯದ ಹೆಸರು ಹಾಕಿ, ಬಿಜಾಪುರ, ಗೋಲ್ಕೊಂಡ, ಮರಾಠರು, ಪೋರ್ಚುಗೀಸರು. 1565ನ್ನ ಧರ್ಮದ ಲೇಬಲ್‌ನಲ್ಲಿ ಬರೆದ್ರೆ, ಅದಕ್ಕೆ ಮೊದಲು ಅಳಿಯ ರಾಮರಾಯ ಒಬ್ಬ ಸುಲ್ತಾನನ ಜೊತೆ ಸೇರಿ ಇನ್ನೊಬ್ಬನ ಮೇಲೆ ಹೋಗ್ತಿದ್ದನ್ನ ಹೇಗೆ ವಿವರಿಸ್ತೀರಿ? ಬಂಗಾಳದ ಮೇಲೆ 1740ರ ದಶಕದಲ್ಲಿ ಬಂದ ಮರಾಠಾ ಸವಾರರನ್ನ ಅಲ್ಲಿಯ ಜನ ಬರ್ಗಿ ಅಂತ ಕರೆದು ಮಕ್ಕಳನ್ನ ಮಲಗಿಸೋ ಜೋಗುಳದಲ್ಲೂ ಅವರ ಹೆಸರು ಹೇಳಿ ಹೆದರಿಸಿದ್ರು, ಅಲ್ಲಿ ಧರ್ಮದ ಲೇಬಲ್ ಏನೂ ವಿವರಿಸಲ್ಲ.

ಇನ್ನು ಕ್ರುಸೇಡ್, ಮಧ್ಯಯುಗದಲ್ಲಿ ಯುರೋಪಿನ ಕ್ರಿಶ್ಚಿಯನ್ನರು ಜೆರುಸಲೇಮಿಗಾಗಿ ಹೂಡಿದ ಯುದ್ಧಗಳು. ನಮ್ಮ ಪಠ್ಯಗಳಲ್ಲಿ "ಧರ್ಮಯುದ್ಧಗಳು" ಅಂತ ಅನುವಾದ ಆಗಿದೆ, ನನ್ನ ಮಟ್ಟಿಗೆ ಅದು ಎಡವಟ್ಟು. ಕನ್ನಡದ ಕಿವಿಗೆ ಧರ್ಮಯುದ್ಧ ಅಂದ್ರೆ ನ್ಯಾಯವಾಗಿ, ನಿಯಮ ಮೀರದೆ ಮಾಡೋ ಯುದ್ಧ, ಕುರುಕ್ಷೇತ್ರ ಕಣ್ಣಿಗೆ ಬರುತ್ತೆ. 1204ರಲ್ಲಿ ಕ್ರುಸೇಡ್‌ಗೆ ಅಂತ ಹೊರಟವರು ಕ್ರಿಶ್ಚಿಯನ್ನರದ್ದೇ ಆದ ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿದ್ರು, ಅದನ್ನ ಧರ್ಮಯುದ್ಧ ಅನ್ನೋಕೆ ಬಾಯಿ ಬರುತ್ತಾ? ಕ್ರುಸೇಡ್ ಅಂತಾನೇ ಬಿಡಿ. ಆ ಕಾಲದ ಅರಬ್ ಬರಹಗಾರರು ಬಂದವರನ್ನ ಶಿಲುಬೆಯವರು ಅನ್ನೋದಕ್ಕಿಂತ ಫ್ರಾಂಕರು ಅಂತಾನೇ ಬರೀತಿದ್ರು ಅನ್ನೋದನ್ನೂ ಸೇರಿಸಿ.

"ಎಲ್ಲರಿಗೂ ಗೊತ್ತಿರೋ ಹೆಸರೇ ಒಂದು ಕಡೆಗೆ ವಾಲಿದ್ರೆ, ನಾನು ಹೊಸ ಹೆಸರು ಹುಟ್ಟುಹಾಕ್ಲಾ?"

ಬೇಡ. ಯಾರಿಗೂ ಗೊತ್ತಿಲ್ಲದ ಶುದ್ಧ ಹೆಸರಿಂದ ಓದೋರಿಗೆ ಏನೂ ಸಿಗಲ್ಲ. ಹೆಡಿಂಗ್‌ಗೆ ಪರಿಚಿತ ಹೆಸರು, ಅದು ವಾಲಿದೆ ಅನ್ನೋ ಮಾತು ಎರಡನೇ ವಾಕ್ಯಕ್ಕೆ. ಹೆಸರುಗಳು ಹೇಗೂ ಕಾಲ ಬಂದಾಗ ಬದಲಾಗ್ತವೆ: ಮೊದಲನೇ ಮಹಾಯುದ್ಧ ನಡೆಯೋವಾಗ ಅದು ಬರೀ "ಮಹಾಯುದ್ಧ", ಇನ್ನೊಂದು ಬರುತ್ತೆ ಅಂತ ಅಂದ್ಕೊಂಡಿದ್ರೆ ತಾನೇ ನಂಬರ್ ಹಾಕೋದು.

"ಶಾಸನದಲ್ಲೇ ಕೆಟ್ಟದಾಗಿ ಬರೆದಿದ್ರೆ ಅದನ್ನ ತಿದ್ದಿ ಬರೀಬೇಕಾ?"

ಮುಟ್ಟಬೇಡಿ. 1007ರ ಹೊಟ್ಟೂರು ಶಾಸನ ಇದೆ, ಚಾಲುಕ್ಯ ಸತ್ಯಾಶ್ರಯನ ಕಾಲದ್ದು. ಚೋಳ ಒಂಬತ್ತು ಲಕ್ಷ ಸೈನ್ಯ ತಗೊಂಡು ಬಂದು ದೋಣೂರಲ್ಲಿ ಬೀಡುಬಿಟ್ಟು ನಾಡನ್ನ ಸೂರೆ ಮಾಡಿದ, ಹೆಂಗಸರು ಮಕ್ಕಳು ಬ್ರಾಹ್ಮಣರನ್ನ ಕೊಂದ ಅಂತ ಅದು ಹೇಳುತ್ತೆ, ಸತ್ಯಾಶ್ರಯ ಅವರನ್ನ ಓಡಿಸಿ "ತಿಗುಳಮಾರಿ", ತಮಿಳರಿಗೆ ಮಾರಿಯಾದವನು, ಅನ್ನೋ ಬಿರುದು ಹೊತ್ತ. ಚೋಳರ ಕಡೆಯ ಪ್ರಶಸ್ತಿ, ಅಂದ್ರೆ ರಾಜನನ್ನ ಹೊಗಳಿ ಬರೆಸಿದ ಶಾಸನ, ಓದಿದ್ರೆ ಅದೇ ಕಾಲ ಬರೀ ವಿಜಯಗಳ ಪಟ್ಟಿ. ಒಂಬತ್ತು ಲಕ್ಷ ಅನ್ನೋ ಅಂಕಿಯನ್ನ ನಿಮ್ಮ ಮಾತಾಗಿ ಬರೀಬೇಡಿ, "ಶಾಸನ ಹೇಳುವಂತೆ" ಅನ್ನಿ. ಆದ್ರೆ ಶಾಸನದ ಸಿಟ್ಟನ್ನ ತೆಗೆದು ಸಪ್ಪೆ ಮಾಡಿದ್ರೆ ಸಾವಿರ ವರ್ಷದ ಹಿಂದಿನವರ ದನಿಯನ್ನೇ ತೆಗೆದ ಹಾಗೆ. ಸಾಧ್ಯ ಆದ್ರೆ ಎರಡೂ ಕಡೆಯದನ್ನ ಪಕ್ಕಪಕ್ಕ ಇಡಿ. ಕಂಚಿಯ ಕೈಲಾಸನಾಥ ದೇವಸ್ಥಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನ ಕನ್ನಡ ಶಾಸನ ಇದೆ, ದೇವರ ಸಂಪತ್ತನ್ನ ತಗೊಳ್ಳದೆ ವಾಪಸ್ ಕೊಟ್ಟೆ ಅಂತ. ಅದೂ ಗೆದ್ದವನ ಮಾತೇ, ಅದನ್ನೂ ಹಾಗೇ ಓದಬೇಕು.

"ಹೆಸರು ನ್ಯೂಟ್ರಲ್ ಮಾಡ್ದೆ, ಆದ್ರೂ ಲೇಖನ ಒಂದು ಕಡೆ ವಾಲಿದೆ ಅಂತಾರೆ, ಎಲ್ಲಿ ತಪ್ಪಾಗಿದೆ?"

ಕ್ರಿಯಾಪದದಲ್ಲಿ. ಹೆಡಿಂಗ್ ತೊಳೆದು ಇಟ್ಟು ಒಳಗೆ ನಮ್ಮವರು "ವೀರಮರಣವನ್ನಪ್ಪಿದರು", ಅವರು "ಹತರಾದರು" ಅಂತ ಬರೆದಿರ್ತೀರಿ. ನಮ್ಮವರು "ಹಿಂದೆ ಸರಿದರು", ಅವರು "ಕಾಲ್ಕಿತ್ತರು". ಸದೆಬಡಿ, ಹುಟ್ಟಡಗಿಸು, ಮಟ್ಟ ಹಾಕು, ಇವೆಲ್ಲಾ ಪೇಪರ್ ಓದಿ ಓದಿ ಕೈಗೆ ಅಂಟಿದ ಪದಗಳು, ನನ್ನ ಕೈಗೂ ಅಂಟಿದ್ವು. ಒಂದು ಕೆಂಪು ಪೆನ್ ತಗೊಂಡು ಬರೀ ಕ್ರಿಯಾಪದಗಳಿಗೆ ಸುತ್ತು ಹಾಕ್ತಾ ಹೋಗಿ, ಎರಡೂ ಕಡೆಗೆ ಅದಲುಬದಲು ಮಾಡಿ ಓದಿ.

ಇನ್ನೊಂದು ಇದಕ್ಕಿಂತ ಕಳ್ಳತನದ್ದು, ಕರ್ತೃವನ್ನೇ ಮಾಯ ಮಾಡೋದು. "ಬಂಡಾಯದ ವೇಳೆ ಹಲಗಲಿ ಸುಟ್ಟುಹೋಯಿತು." ಒಂದೂ ಕೆಟ್ಟ ಪದ ಇಲ್ಲ, ಎಷ್ಟು ಶಾಂತವಾಗಿದೆ, ಒಲೆ ಕಿಡಿ ಹಾರಿ ಹೊತ್ಕೊಂಡ ಹಾಗೆ. ಇದನ್ನ ಹೀಗೆ ತಿದ್ದಿ: "ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರ ಮೇಲೆ ಬ್ರಿಟಿಷ್ ಪಡೆ ದಂಡೆತ್ತಿ ಬಂದು ಊರಿಗೆ ಬೆಂಕಿ ಹಚ್ಚಿತು." ಯಾರು, ಯಾಕೆ, ಏನು ಮಾಡಿದ್ರು, ಎಲ್ಲಾ ಇದೆ. ಬೈಗುಳ ಒಂದೂ ಇಲ್ಲ.